ಮೈಲುತುತ್ತಿನ ಜಾಡು ಹಿಡಿಯುವ ಚಿನ್ನದ ಫೈಬರ್

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಶೇ. 25.5 ತಾಮ್ರ. ಲೆಕ್ಕ ಹಾಕಿದರೆ ಡ್ರಮ್ಮಿನಲ್ಲಿರುವ ಮದ್ದಿನ ಪ್ರತಿ ಲೀಟರಿನಲ್ಲೂ ಎರಡೂವರೆ ಗ್ರಾಂ ತಾಮ್ರ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಹೇಳುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ತನಕ ಆದೀತು. ಮದ್ದು ಕಲಸುವ ಜಾಗ ಬಾವಿಕಟ್ಟೆಯ ಬದಿಯಲ್ಲೇ ಇದ್ದರೆ ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಅಳೆದು ನೋಡಬೇಕು ಅನ್ನಿಸುವುದು ಸಹಜ.

ಅಳೆಯಲು ಹಲವು ದಾರಿಗಳಿವೆ. ಅವುಗಳಲ್ಲಿ ಒಂದು, ಚಿನ್ನ ಲೇಪಿಸಿದ ಆಪ್ಟಿಕಲ್ ಫೈಬರಿನ ಎಸ್‌ಪಿಆರ್ ಸೆನ್ಸರ್. ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಎಂಬ ಉದ್ದದ ಹೆಸರನ್ನು ಮೊಟಕು ಮಾಡಿದರೆ ಎಸ್‌ಪಿಆರ್. ಇದರ ಬಗ್ಗೆ ಬರುವ ಸುದ್ದಿ ಓದಿದರೆ ಫೈಬರನ್ನು ನೀರಿಗೆ ಅದ್ದಿದ ಕೂಡಲೇ ರಾಸಾಯನಿಕದ ಹೆಸರು, ಪ್ರಮಾಣ ಎರಡನ್ನೂ ಹೇಳಿಬಿಡುತ್ತದೆ ಎನ್ನುವ ಹಾಗಿರುತ್ತದೆ. ಹಾಗಿಲ್ಲ. ಆ ಚಿನ್ನಕ್ಕೆ ತಾಮ್ರವೂ ಗೊತ್ತಿಲ್ಲ, ಉಪ್ಪೂ ಗೊತ್ತಿಲ್ಲ, ಸಕ್ಕರೆಯೂ ಗೊತ್ತಿಲ್ಲ. ತನ್ನ ಮೈಗೆ ತಾಗಿರುವ ಇನ್ನೂರು ನ್ಯಾನೋಮೀಟರಿನಷ್ಟು ದಪ್ಪದ ಪದರದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಬಾಗಿಸುವ ಅಳತೆ, ಎಷ್ಟು ಎಂಬುದೊಂದೇ ಅದಕ್ಕೆ ತಿಳಿಯುವುದು. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದ ಆಗುವಂಥವು.

ಒಳಗೆ ನಡೆಯುವುದು ಇಷ್ಟು. ಗಾಜಿನ ಎಳೆಯೊಳಗೆ ಬೆಳಕು ಗೋಡೆಗೆ ಬಡಿದು ಬಡಿದು ಸಾಗುತ್ತದೆ. ಪ್ರತಿ ಬಡಿತದಲ್ಲೂ ಅದರ ಒಂದಂಶ ಗೋಡೆಯಾಚೆ ಸ್ವಲ್ಪ ದೂರ ಇಣುಕಿ ಮರಳುತ್ತದೆ. ಗೋಡೆಯ ಮೇಲೆ 50 ನ್ಯಾನೋಮೀಟರ್ ಚಿನ್ನ ಇದ್ದರೆ, ಯಾವುದೋ ಒಂದು ಬಣ್ಣದ ಬೆಳಕು ಚಿನ್ನದ ಮೇಲ್ಮೈಯ ಇಲೆಕ್ಟ್ರಾನುಗಳ ಅಲೆಯೊಂದಿಗೆ ಸರಿಯಾಗಿ ತಾಳ ಕೂಡಿ ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಆಚೆ ತುದಿಯಲ್ಲಿ ರೋಹಿತ (ಯಾವ ಬಣ್ಣದ ಬೆಳಕು ಎಷ್ಟು ಎಂಬ ಗೆರೆ) ತೆಗೆದರೆ ಆ ಬಣ್ಣದ ಜಾಗದಲ್ಲಿ ಒಂದು ತಗ್ಗು ಕಾಣುತ್ತದೆ. ಹೊರಗೆ ಶುದ್ಧ ನೀರಿದ್ದರೆ ಆ ತಗ್ಗು ಸುಮಾರು 600ರಿಂದ 650 ನ್ಯಾನೋಮೀಟರಿನ ನಡುವೆ ಇರುತ್ತದೆ. ಹೊರಗಿನ ಸೂಚ್ಯಂಕ ಏರಿದರೆ ತಗ್ಗು ಕೆಂಪಿನ ಕಡೆ ಸರಿಯುತ್ತದೆ. ಪ್ರಿಸ್ಮ್ ಇಟ್ಟು ಇದನ್ನು ನೋಡುವ ವಿಧಾನವನ್ನು 1968ರಲ್ಲಿ ಓಟೋ ಒಂದು ಬಗೆಯಲ್ಲಿ, ಕ್ರೆಚ್‌ಮನ್ ಮತ್ತು ರೇಥರ್ ಇನ್ನೊಂದು ಬಗೆಯಲ್ಲಿ ತೋರಿಸಿದರು. ಪ್ರಿಸ್ಮ್ ತೆಗೆದು ಆ ಜಾಗಕ್ಕೆ ಫೈಬರನ್ನೇ ತಂದ ಸೆನ್ಸರನ್ನು ಯೋರ್ಗೆನ್ಸನ್ ಮತ್ತು ಯೀ 1993ರಲ್ಲಿ ಪ್ರಕಟಿಸಿದರು.

ಲೆಕ್ಕವನ್ನು ಮೊದಲೇ ಮಾಡಿಕೊಂಡರೆ ಚಿನ್ನವೂ ದುಡ್ಡೂ ಉಳಿಯುತ್ತವೆ. ಇಂಥ ಫೈಬರಿನ ಸಂವೇದನೆ, ಸೂಚ್ಯಂಕದ ಒಂದು ಘಟಕಕ್ಕೆ ಅಂದಾಜು 2000 ನ್ಯಾನೋಮೀಟರ್ ಎಂದಿಟ್ಟುಕೊಳ್ಳೋಣ. ಲೀಟರಿಗೆ 1.5 ಮಿಲಿಗ್ರಾಂ ತಾಮ್ರ ಸಲ್ಫೇಟಿನ ರೂಪದಲ್ಲಿ ಕರಗಿದ್ದರೆ ನೀರಿನ ಸೂಚ್ಯಂಕ ಏರುವುದು ಸುಮಾರು 0.0000007. ಗುಣಿಸಿದರೆ ತಗ್ಗು ಸರಿಯುವುದು 0.0014 ನ್ಯಾನೋಮೀಟರ್. ಸಣ್ಣ ಸ್ಪೆಕ್ಟ್ರೋಮೀಟರಿನಲ್ಲಿ ಸರಾಸರಿ ತೆಗೆದು, ವಕ್ರರೇಖೆ ಹೊಂದಿಸಿ, ಎಷ್ಟೇ ನಾಜೂಕಾಗಿ ಮಾಡಿದರೂ 0.02ರಿಂದ 0.05 ನ್ಯಾನೋಮೀಟರ್ ಗದ್ದಲ ಇದ್ದೇ ಇರುತ್ತದೆ. ನೀರು ಒಂದು ಡಿಗ್ರಿ ಬಿಸಿಯಾದರೆ ಸೂಚ್ಯಂಕ 0.0001ರಷ್ಟು ಇಳಿಯುತ್ತದೆ, ತಗ್ಗು 0.2 ನ್ಯಾನೋಮೀಟರ್ ನೀಲಿಯ ಕಡೆಗೆ ಸರಿಯುತ್ತದೆ. ಅಂದರೆ ಮಿತಿಯ ಅಂಚಿನಲ್ಲಿರುವ ತಾಮ್ರ ಮಾಡುವ ಗುರುತು, ನೀರು ಒಂದು ಡಿಗ್ರಿಯ ನೂರರಲ್ಲೊಂದು ಪಾಲು ಬಿಸಿಯಾದರೆ ಆಗುವುದಕ್ಕಿಂತಲೂ ಚಿಕ್ಕದು. ಬರಿ ಚಿನ್ನದ ಫೈಬರಿನಿಂದ ಬಾವಿನೀರಿನ ತಾಮ್ರ ಅಳೆದೆ ಎಂದು ಯಾರಾದರೂ ಹೇಳಿದರೆ ಅವರು ಅಳೆದದ್ದು ಕೋಣೆಯ ಸೆಖೆಯನ್ನು.

ಈ ಜಿಲ್ಲೆಯಲ್ಲಿ ಸೆನ್ಸರ್ ಎಂದರೆ ಮೊದಲು ಬರುವ ಪ್ರಶ್ನೆ ಎಂಡೋಸಲ್ಫಾನಿನದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದ ನೆಲ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ನಿಷೇಧಿಸಿತು. ಅದಕ್ಕೂ ಇದೇ ಲೆಕ್ಕ. ಎಂಡೋಸಲ್ಫಾನ್ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕೂಡ ಕರಗುವುದಿಲ್ಲ. ಕರಗುವಷ್ಟು ಪೂರ್ತಿ ಕರಗಿದರೂ ತಗ್ಗು 0.0002 ನ್ಯಾನೋಮೀಟರ್ ಸಹ ಸರಿಯದು. ಅದನ್ನೇ ಹಿಡಿಯುವ ಪ್ರತಿಕಾಯವೋ ಅಚ್ಚೊತ್ತಿದ ಪಾಲಿಮರೋ ಚಿನ್ನದ ಮೇಲೆ ಇಲ್ಲದೆ ಆ ಮಾತೇ ಇಲ್ಲ. ಉಳಿಕೆಯ ಪ್ರಶ್ನೆಗೆ ಗ್ಯಾಸ್ ಕ್ರೊಮೆಟೊಗ್ರಫಿಯೇ ಉತ್ತರ ಹೇಳಬೇಕು.

ತಾಮ್ರಕ್ಕೆ ಒಂದು ಅನುಕೂಲ ಇದೆ. ಅದನ್ನು ನೀರಿನಿಂದ ಹೆಕ್ಕಿ ತನ್ನಲ್ಲಿ ತುಂಬಿಸಿಕೊಳ್ಳುವ ಅಗ್ಗದ ವಸ್ತು ಕೈಗೆ ಸಿಗುತ್ತದೆ: ಸಿಗಡಿ, ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್. ಅದರ ಅಮೈನ್ ಗುಂಪುಗಳು ತಾಮ್ರದ ಅಯಾನನ್ನು ಬಿಗಿಯಾಗಿ ಹಿಡಿಯುತ್ತವೆ. ಚಿನ್ನದ ಮೇಲೆ ತೆಳ್ಳಗೆ ಕೈಟೋಸಾನ್ ಇದ್ದರೆ ನೀರಿನಲ್ಲಿ ಚದುರಿಹೋಗಿರುವ ತಾಮ್ರ ಚಿನ್ನ ನೋಡುವ ಆ ಇನ್ನೂರು ನ್ಯಾನೋಮೀಟರಿನೊಳಗೆ ಬಂದು ಗುಡ್ಡೆಯಾಗುತ್ತದೆ. ಆಗ ಸೂಚ್ಯಂಕ ಬದಲಾಗುವುದು ನೀರಿನದಲ್ಲ, ಪದರದ್ದು.

ಇನ್ನು ಫೈಬರ್. ಇಂಟರ್ನೆಟ್ಟಿನ ಕೇಬಲ್ ತುಂಡು ಸಾಕಾಗದೇ ಎಂದು ಕೇಳುವವರಿದ್ದಾರೆ. ಸಾಕಾಗುವುದಿಲ್ಲ. ಅದರಲ್ಲಿ ಬೆಳಕು ಹೋಗುವ ತಿರುಳು 9 ಮೈಕ್ರಾನ್ ಮಾತ್ರ. ಅದರ ಸುತ್ತ 125 ಮೈಕ್ರಾನ್ ವ್ಯಾಸದ ಗಾಜಿನ ಹೊದಿಕೆ. ಹೊರಗೆ ಚಿನ್ನ ಬಳಿದರೆ ಬೆಳಕಿಗೂ ಚಿನ್ನಕ್ಕೂ ಭೇಟಿಯೇ ಇಲ್ಲ. ಆಮ್ಲದಲ್ಲಿ ಕರಗಿಸಿಯೋ ಒಂದು ಬದಿ ಉಜ್ಜಿಯೋ ತಿರುಳಿನ ತನಕ ಹೋಗಬಹುದು. ಆದರೆ ಗಾಜು ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಮನೆಯಲ್ಲೋ ಕಾಲೇಜಿನ ಸಾಮಾನ್ಯ ಲ್ಯಾಬಿನಲ್ಲೋ ಮುಟ್ಟುವ ವಸ್ತುವಲ್ಲ. ಬೇಕಾದದ್ದು 400 ಅಥವಾ 600 ಮೈಕ್ರಾನ್ ತಿರುಳಿನ ಸಿಲಿಕಾ ಫೈಬರ್, ಪ್ಲಾಸ್ಟಿಕ್ ಹೊದಿಕೆಯದ್ದು, ಎನ್‌ಎ (ಎಷ್ಟು ಅಗಲದ ಕೋನದ ಬೆಳಕನ್ನು ಫೈಬರ್ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬ ಅಂಕಿ) 0.37 ಆಸುಪಾಸಿನದ್ದು. ಇದಕ್ಕಿಂತ ಅಗ್ಗದ್ದು 1 ಮಿ.ಮೀ. ದಪ್ಪದ ಅಕ್ರಿಲಿಕ್ ಫೈಬರ್. ಅದನ್ನು ಅಚ್ಚಿನ ತೋಡಿನಲ್ಲಿ ಅಂಟಿಸಿ, 5 ಮೈಕ್ರಾನ್, ಮತ್ತೆ 1 ಮೈಕ್ರಾನ್ ಪಾಲಿಶ್ ಹಾಳೆಯಿಂದ ಒಂದು ಬದಿ ಉಜ್ಜಿ ಚಪ್ಪಟೆ ಮಾಡಿ ಚಿನ್ನ ಕೂರಿಸಬಹುದು. ಆದರೆ ಅಕ್ರಿಲಿಕ್‌ಗೆ ಅಸಿಟೋನ್ ತಾಗಿದರೆ ಕಥೆ ಮುಗಿಯಿತು. ಕೆಳಗಿನ ವಿವರವೆಲ್ಲ 600 ಮೈಕ್ರಾನಿನ ಸಿಲಿಕಾಕ್ಕೆ.

ಸುಮಾರು 20 ಸೆ.ಮೀ. ತುಂಡು ತೆಗೆದುಕೊಂಡು ಎರಡೂ ತುದಿಗಳನ್ನು ಕನ್ನಡಿಯಂತಾಗುವ ತನಕ ಪಾಲಿಶ್ ಮಾಡಬೇಕು. ನಡುವಿನ 10 ಮಿ.ಮೀ. ಜಾಗದಲ್ಲಿ ಹೊರಕವಚವನ್ನು ಬ್ಲೇಡಿನಿಂದ ಸಪಾಟಾಗಿ ಕೆರೆದು ತೆಗೆಯಬೇಕು. ಬ್ಲೇಡ್ ಗಾಜಿಗೆ ಗೀರಿತೋ, ಆ ಗೀರಿನಿಂದಲೇ ನಾಳೆ ಫೈಬರ್ ತುಂಡಾಗುತ್ತದೆ. ಒಳಗಿನ ಹೊದಿಕೆ ಸಿಲಿಕೋನ್ ಆದರೆ ಒರೆಸಿದರೆ ಬರುತ್ತದೆ. ಗಟ್ಟಿ ಫ್ಲೋರಿನೇಟೆಡ್ ಪಾಲಿಮರ್ ಆದರೆ ಅಸಿಟೋನಿಗೆ ಜಗ್ಗುವುದಿಲ್ಲ. ಸ್ಪಿರಿಟ್ ದೀಪದ ಉರಿಯಲ್ಲಿ ಕ್ಷಣಮಾತ್ರ ಹಾಯಿಸಿ ಮಸಿ ಒರೆಸುವ ಕ್ರಮ ಇದೆ. ಹೆಚ್ಚು ಹೊತ್ತು ಹಿಡಿದರೆ ಗಾಜು ಹಪ್ಪಳದಂತಾಗುತ್ತದೆ. ಹೊದಿಕೆ ಪೂರ್ತಿ ಹೋಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಮುಂದುವರಿಯಬೇಕು, ಯಾಕೆಂದರೆ ಉಳಿದ ಚೂರಿನ ಮೇಲೆ ಕೂತ ಚಿನ್ನ ಮೊದಲ ತೊಳೆತದಲ್ಲೇ ಎದ್ದು ಬರುತ್ತದೆ. ಮತ್ತೆ ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್, ಬಟ್ಟಿ ಇಳಿಸಿದ ನೀರು, ಈ ಕ್ರಮದಲ್ಲಿ ತೊಳೆದು ನೈಟ್ರೋಜನ್ ಊದಿ ಒಣಗಿಸುವುದು. ಆಮೇಲೆ ಆ ಹತ್ತು ಮಿಲಿಮೀಟರಿಗೆ ಬೆರಳು ತಾಗಬಾರದು.

ಹತ್ತೇ ಮಿಲಿಮೀಟರ್ ಯಾಕೆ? ಎನ್‌ಎ 0.37 ಇರುವಾಗ ಕಿರಣಗಳು ಗೋಡೆಗೆ ಬೀಳುವ ಕೋನ, ಲಂಬದಿಂದ ಎಣಿಸಿದರೆ, 75 ಡಿಗ್ರಿಯಿಂದ 90ರ ತನಕ. 78 ಡಿಗ್ರಿಯ ಕಿರಣ 600 ಮೈಕ್ರಾನ್ ಫೈಬರಿನ 10 ಮಿ.ಮೀ.ನಲ್ಲಿ ಗೋಡೆಗೆ ಬಡಿಯುವುದು ಮೂರು–ನಾಲ್ಕು ಬಾರಿ. ಉದ್ದ ಹೆಚ್ಚಿಸಿದರೆ ತಗ್ಗು ಆಳವಾಗುತ್ತದೆ, ಜತೆಗೇ ಅಗಲವೂ ಆಗುತ್ತದೆ, ತಳ ಚಪ್ಪಟೆಯಾಗಿ ಅದರ ಕನಿಷ್ಠ ಬಿಂದು ಎಲ್ಲಿದೆ ಎಂದು ಹೇಳುವುದೇ ಕಷ್ಟ. ತೀರಾ ಗಿಡ್ಡ ಆದರೆ ತಗ್ಗು ಕಾಣುವುದೇ ಇಲ್ಲ.

ಚಿನ್ನ ಹಾಕುವುದು ಈ ಕೆಲಸದ ನಿಜವಾದ ಗಂಟು. ಗಾಜಿಗೆ ಚಿನ್ನ ಅಂಟುವುದಿಲ್ಲ. ಮೊದಲು 2–3 ನ್ಯಾನೋಮೀಟರ್ ಕ್ರೋಮಿಯಂ ಬೇಕು, ಅದರ ಮೇಲೆ 50 ನ್ಯಾನೋಮೀಟರ್ ಚಿನ್ನ. ಕ್ರೋಮಿಯಂ ಜಾಸ್ತಿಯಾದರೆ ಅದೇ ಬೆಳಕು ನುಂಗಿ ತಗ್ಗನ್ನು ಮಂದ ಮಾಡುತ್ತದೆ. ಚಿನ್ನ 30ಕ್ಕಿಂತ ಕಡಿಮೆಯಾದರೆ ತಗ್ಗು ಹರಡಿಕೊಳ್ಳುತ್ತದೆ, 70 ದಾಟಿದರೆ ಬೆಳಕು ಆಚೆ ಮುಟ್ಟದೆ ತಗ್ಗು ಮೇಲೇಳುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇರುವ ಪ್ರಯೋಗಾಲಯಗಳಲ್ಲಿ ಮಾದರಿಗೆ ಲೋಹ ಲೇಪಿಸುವ ಪುಟ್ಟ ಸ್ಪಟರ್ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಕೇಳಿಕೊಂಡು ಹಾಕಿಸುವವರು ಒಂದು ಮಾತು ಮೊದಲೇ ವಿಚಾರಿಸಬೇಕು: ಒಳಗಿರುವ ತಟ್ಟೆ ಶುದ್ಧ ಚಿನ್ನವೋ, ಚಿನ್ನ–ಪಲ್ಲಾಡಿಯಂ ಮಿಶ್ರಣವೋ? ಸೂಕ್ಷ್ಮದರ್ಶಕದ ಕೆಲಸಕ್ಕೆ ಮಿಶ್ರಣವೇ ಒಳ್ಳೆಯದು, ನಮಗೆ ಅದು ಉಪಯೋಗಕ್ಕಿಲ್ಲ. ನೋಡಲು ಪದರ ಚೆನ್ನಾಗಿ ಹೊಳೆಯುತ್ತದೆ, ರೋಹಿತದಲ್ಲಿ ತಗ್ಗೇ ಬರುವುದಿಲ್ಲ.

ಫೈಬರ್ ದುಂಡಗಿದೆ, ಲೋಹ ಮಾತ್ರ ಮೇಲಿಂದ ಬೀಳುತ್ತದೆ. ಹಾಗಾಗಿ ಲೇಪನದ ಉದ್ದಕ್ಕೂ ಫೈಬರನ್ನು ತಿರುಗಿಸುತ್ತಿರಬೇಕು. ನಿಮಿಷಕ್ಕೆ ಹತ್ತು ಸುತ್ತು ಹಾಕುವ ಗೇರ್ ಮೋಟಾರ್ ಸಾಕು, ನಿರ್ವಾತದಲ್ಲಿ ಕೆಲಸ ಮಾಡಬೇಕು ಅಷ್ಟೆ. ಮೋಟಾರ್ ಇಲ್ಲ ಎಂದು ಒಮ್ಮೆ ಮೇಲ್ಬದಿ, ಒಮ್ಮೆ ಕೆಳಬದಿ ಮಾಡಿ ಎರಡು ಸಲ ಹಾಕುವವರು ಹೆಚ್ಚು. ಆಗ ಮೇಲೆ–ಕೆಳಗೆ 50 ಇದ್ದರೆ ಎರಡು ಪಕ್ಕೆಗಳಲ್ಲಿ ತೆಳ್ಳಗಾಗುತ್ತದೆ. ಒಂದೇ ಫೈಬರಿನಲ್ಲಿ ಹಲವು ದಪ್ಪದ ಚಿನ್ನ ಇದ್ದ ಹಾಗೆ. ತಗ್ಗುಗಳು ಒಂದರ ಮೇಲೊಂದು ಬಿದ್ದು ಒಂದು ಅಗಲ ಹೊಂಡವಾಗುತ್ತದೆ. ಹಾಗೇ ಆದರೆ 60 ಡಿಗ್ರಿಗೊಮ್ಮೆ ತಿರುಗಿಸಿ ಆರು ಸಲ ತೆಳ್ಳಗೆ ಹಾಕುವುದು ಲೇಸು. ಬಿಗಿ ನೋಡಲು ಜತೆಗೆ ಇಟ್ಟ ಗಾಜಿನ ಪಟ್ಟಿಗೆ ಸೆಲ್ಲೋಟೇಪ್ ಅಂಟಿಸಿ ಕೀಳಬೇಕು. ಪರೀಕ್ಷೆ ಫೈಬರಿನ ಮೇಲೇ ಬೇಡ.

ಉಪಕರಣಗಳ ಸಾಲು ಉದ್ದ ಇಲ್ಲ. ಟಂಗ್‌ಸ್ಟನ್–ಹ್ಯಾಲೊಜನ್ ದೀಪ, ಎಸ್‌ಎಂಎ ಕನೆಕ್ಟರ್, 400ರಿಂದ 1000 ನ್ಯಾನೋಮೀಟರ್ ನೋಡುವ ಸಣ್ಣ ಸ್ಪೆಕ್ಟ್ರೋಮೀಟರ್ (ಖರ್ಚಿನ ಹೆಚ್ಚಿನ ಪಾಲು ಇದಕ್ಕೇ), 1 ಮಿ.ಲೀ. ಹಿಡಿಯುವ ಅಕ್ರಿಲಿಕ್ ಕೋಶ, ಒಂದು ಸಿರಿಂಜ್ ಪಂಪ್. ಕೋಶವನ್ನು ನೆಟ್ಟಗೆ ನಿಲ್ಲಿಸಿ ನೀರು ಕೆಳಗಿಂದ ಮೇಲಕ್ಕೆ ಹರಿಯುವಂತೆ ಮಾಡಿದರೆ ಗುಳ್ಳೆ ತಾನಾಗಿ ಹೊರಟುಹೋಗುತ್ತದೆ. ಮಲಗಿಸಿಟ್ಟ ಕೋಶದಲ್ಲಿ ಚಿನ್ನದ ಮೇಲೆ ಕೂತ ಒಂದೇ ಗುಳ್ಳೆ ಆ ಭಾಗದ ಮಟ್ಟಿಗೆ ಗಾಳಿಯನ್ನೇ ತೋರಿಸಿ ತಗ್ಗನ್ನು ಅರ್ಧ ಮಾಡುತ್ತದೆ.

ದೀಪ ಹಚ್ಚಿ ಅರ್ಧ ಗಂಟೆ ಬಿಡಬೇಕು. ಮೊದಲು ಕೋಶ ಒಣಗಿರುವಾಗ, ಗಾಳಿಯಲ್ಲಿ, ಆಧಾರ ರೋಹಿತ ತೆಗೆದಿಟ್ಟುಕೊಳ್ಳಬೇಕು. ಗಾಳಿಯಲ್ಲಿ ನಮ್ಮ ವ್ಯಾಪ್ತಿಯೊಳಗೆ ತಗ್ಗು ಇರುವುದಿಲ್ಲ. ಮುಂದೆ ತೆಗೆಯುವ ಪ್ರತಿ ರೋಹಿತವನ್ನೂ ಇದರಿಂದ ಭಾಗಿಸಿದರೆ ದೀಪದ ಏರಿಳಿತ, ಡಿಟೆಕ್ಟರಿನ ಓರೆಕೋರೆ ಹೋಗಿ ತಗ್ಗು ಮಾತ್ರ ಉಳಿಯುತ್ತದೆ. ಆಧಾರ ತೆಗೆದ ಮೇಲೆ ಫೈಬರನ್ನು ಅಲುಗಿಸುವಂತಿಲ್ಲ, ಕನೆಕ್ಟರ್ ಬಿಚ್ಚಿ ಹಾಕುವಂತಿಲ್ಲ. ಬಹುಪಥ ಫೈಬರಿನಲ್ಲಿ ಬಾಗು ಬದಲಾದರೆ ಯಾವ ಕೋನದ ಕಿರಣ ಎಷ್ಟು ಎಂಬುದೇ ಬದಲಾಗುತ್ತದೆ. ತಗ್ಗು ಅರ್ಧವೋ ಒಂದೋ ನ್ಯಾನೋಮೀಟರ್ ಸುಮ್ಮನೆ ಸರಿದುಬಿಡಬಹುದು. ಇಡೀ ಫೈಬರನ್ನು ಒಂದು ಹಲಗೆಗೆ ಟೇಪ್ ಹಾಕಿ ಬಿಗಿದರೆ ಈ ರಗಳೆ ಇಲ್ಲ. ಫ್ಯಾನಿನ ಗಾಳಿಗೆ ಅಲುಗುವ ಫೈಬರಿನಿಂದ ಬಂದ ಚಂದದ ಗ್ರಾಫುಗಳು ಲೋಕದಲ್ಲಿ ಬೇಕಾದಷ್ಟಿವೆ.

ಕೈಟೋಸಾನ್ ಹಾಕುವ ಮೊದಲು ಬರಿ ಚಿನ್ನವನ್ನು ಸಕ್ಕರೆ ನೀರಿನಿಂದ ಪರೀಕ್ಷಿಸಬೇಕು. ಅಡುಗೆಮನೆಯ ಬಿಳಿ ಸಕ್ಕರೆ ಸಾಕು. ತೂಕಕ್ಕೆ ತೂಕ: 5 ಗ್ರಾಂ ಸಕ್ಕರೆಗೆ 95 ಗ್ರಾಂ ಬಟ್ಟಿ ಇಳಿಸಿದ ನೀರು. 20 ಡಿಗ್ರಿಯಲ್ಲಿ ಬರಿ ನೀರಿನ ಸೂಚ್ಯಂಕ 1.3330, ಶೇ. 5ಕ್ಕೆ 1.3403, ಶೇ. 10ಕ್ಕೆ 1.3479, ಶೇ. 15ಕ್ಕೆ 1.3557, ಶೇ. 20ಕ್ಕೆ 1.3639. ಈ ಐದರಲ್ಲಿ ತಗ್ಗು ಒಟ್ಟು 60 ನ್ಯಾನೋಮೀಟರ್ ಆಸುಪಾಸು ಸರಿದರೆ ಫೈಬರ್ ಸರಿ ಇದೆ. ಸರಿದದ್ದು 20 ಮಾತ್ರ ಆದರೆ ಚಿನ್ನದಲ್ಲೋ ಹೊದಿಕೆ ತೆಗೆದದ್ದರಲ್ಲೋ ದೋಷ ಇದೆ, ಮುಂದೆ ಹೋಗಬೇಡಿ. ಕೊನೆಗೆ ಮತ್ತೆ ಬರಿ ನೀರು ಬಿಟ್ಟಾಗ ತಗ್ಗು ಹೊರಟಲ್ಲಿಗೇ ವಾಪಸ್ ಬರಬೇಕು. ಬರದಿದ್ದರೆ ಚಿನ್ನ ಏಳುತ್ತಿದೆ ಅಥವಾ ಸಕ್ಕರೆ ಅಂಟಿಕೊಂಡಿದೆ.

ಪಯಸ್ವಿನಿ ಹೊಳೆಗೆ ಬೇಸಿಗೆಯಲ್ಲಿ ಉಪ್ಪುನೀರು ಎಷ್ಟು ಮೇಲೆ ಹತ್ತಿದೆ ಎಂದು ಇದೇ ಬರಿ ಚಿನ್ನದಿಂದ ನೋಡಬಹುದು. ಲೀಟರಿಗೆ 1 ಗ್ರಾಂ ಉಪ್ಪಿಗೆ 0.36 ನ್ಯಾನೋಮೀಟರ್, ಸಮುದ್ರದ ನೀರಿಗೆ 13ರಷ್ಟು. ಆದರೆ ಆ ಕೆಲಸಕ್ಕೆ ಜೇಬಿನಲ್ಲಿ ಇಡುವ ವಿದ್ಯುತ್ ವಾಹಕತೆ ಮೀಟರ್ ಇದಕ್ಕಿಂತ ಚೆನ್ನಾಗಿಯೂ ಅಗ್ಗವಾಗಿಯೂ ಹೇಳುತ್ತದೆ.

ಈಗ ಕೈಟೋಸಾನ್. ಚಿನ್ನಕ್ಕೆ ಅದು ನೇರ ಹಿಡಿಯುವುದಿಲ್ಲ. 11–ಮರ್ಕ್ಯಾಪ್ಟೊಅಂಡೆಕನೊಯಿಕ್ ಆಮ್ಲದ 1 ಮಿಲಿಮೋಲಾರ್ ದ್ರಾವಣವನ್ನು ಎಥನಾಲಿನಲ್ಲಿ ಮಾಡಿ ಫೈಬರನ್ನು ರಾತ್ರಿಯಿಡೀ ಅದ್ದಿಟ್ಟರೆ ಗಂಧಕದ ತುದಿ ಚಿನ್ನಕ್ಕೆ ಕಚ್ಚುತ್ತದೆ, ಆಮ್ಲದ ತುದಿ ಹೊರಗೆ ನಿಲ್ಲುತ್ತದೆ. ಎಥನಾಲಿನಲ್ಲಿ ತೊಳೆದು, ಶೇ. 1 ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಶೇ. 0.1–0.2ರ ಕೈಟೋಸಾನಿನಲ್ಲಿ ಹತ್ತು ನಿಮಿಷ ಮುಳುಗಿಸಿ ನಿಧಾನ ಮೇಲೆತ್ತಬೇಕು. ನಿಧಾನ ಎತ್ತಿದಷ್ಟೂ ಪದರ ತೆಳು. ಶೇ. 1ರ ದ್ರಾವಣದಲ್ಲಿ ಅದ್ದುವುದು ಎಲ್ಲರೂ ಮಾಡುವ ತಪ್ಪು. ಒಣ ಕೈಟೋಸಾನಿನ ಸೂಚ್ಯಂಕ 1.5ಕ್ಕಿಂತ ಮೇಲೆ, ಸಿಲಿಕಾ ತಿರುಳಿನದು 1.457. ಪದರ ದಪ್ಪವಾದರೆ ತಗ್ಗು ಕೆಂಪಿನಾಚೆ ಓಡಿಹೋಗಿ ಸ್ಪೆಕ್ಟ್ರೋಮೀಟರಿಗೆ ಕಾಣದಂತಾಗುತ್ತದೆ. ಕಂಡರೂ ತಾಮ್ರ ಪದರದ ಬುಡಕ್ಕೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು.

40–50 ಡಿಗ್ರಿಯಲ್ಲಿ ಒಣಗಿಸಿದ ಮೇಲೆ ಶೇ. 0.1ರ ಗ್ಲುಟಾರಾಲ್ಡಿಹೈಡಿನಲ್ಲಿ ಕಾಲು ಗಂಟೆ ಇಟ್ಟು ಎಳೆಗಳನ್ನು ಹೆಣೆಯಬೇಕು. ಹೆಣೆಯದಿದ್ದರೆ ಆಮ್ಲೀಯ ನೀರಿನಲ್ಲಿ ಕೈಟೋಸಾನ್ ಕರಗಿಹೋಗುತ್ತದೆ. ಹೆಚ್ಚು ಹೆಣೆದರೂ ನಷ್ಟವೇ: ಗ್ಲುಟಾರಾಲ್ಡಿಹೈಡ್ ಕಟ್ಟುವುದು ಅದೇ ಅಮೈನುಗಳನ್ನು, ತಾಮ್ರಕ್ಕೆ ಕೂರಲು ಜಾಗ ಉಳಿಯುವುದಿಲ್ಲ. ಕೊನೆಗೆ 0.1 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ ಒಂದು ನಿಮಿಷ, ಮತ್ತೆ ನೀರು.

ಪಿಎಚ್ ಈ ಪದರದ ಹಣೆಬರಹ. 4ಕ್ಕಿಂತ ಇಳಿದರೆ ಅಮೈನುಗಳು ಪ್ರೋಟಾನ್ ಹೊತ್ತು ತಾಮ್ರವನ್ನು ದೂರ ತಳ್ಳುತ್ತವೆ, ಪದರವೂ ಉಬ್ಬುತ್ತದೆ. ಉಬ್ಬಿದ್ದಕ್ಕೇ ತಗ್ಗು ಸರಿಯುತ್ತದೆ. ಪಿಎಚ್ ಏರಿದರೆ ತಾಮ್ರ ಹೈಡ್ರಾಕ್ಸೈಡಾಗಿ ಕೂರಲು ತೊಡಗುತ್ತದೆ. 5ರಿಂದ 5.5ರ ಅಸಿಟೇಟ್ ಬಫರ್ ಸರಿ. 45 ಮಿ.ಲೀ. ನೀರಿಗೆ 100 ಮಿಲಿಮೋಲಾರಿನ ಬಫರ್ 5 ಮಿ.ಲೀ. ತಾಮ್ರ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಪ್ರಮಾಣ ದ್ರಾವಣಗಳಿಗೂ ಇದೇ ಕ್ರಮ, ಬಾವಿ ನೀರಿಗೂ ಇದೇ ಕ್ರಮ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟರೆ ಬಂದ ಅಂಕಿ ಬಫರಿನದು. 3.93 ಗ್ರಾಂ ಶುದ್ಧ ಮೈಲುತುತ್ತನ್ನು (ತೋಟದ್ದಲ್ಲ, ಲ್ಯಾಬಿನದು) ಒಂದು ಲೀಟರಿಗೆ ತುಂಬಿಸಿದರೆ 1000 ಮಿಲಿಗ್ರಾಂ ತಾಮ್ರದ ಮೂಲ ದ್ರಾವಣ. ಅದನ್ನು ಕ್ರಮವಾಗಿ ತೆಳುಮಾಡಿ 0.05, 0.1, 0.5, 1, 1.5, 5 ಮಿಲಿಗ್ರಾಂ ಮಾಡಿಟ್ಟುಕೊಳ್ಳುವುದು.

ಪ್ರತಿಯೊಂದನ್ನೂ ನಿಮಿಷಕ್ಕೆ 0.3 ಮಿ.ಲೀ.ನಂತೆ ಹರಿಸಿ, ತಗ್ಗು ನಿಲ್ಲುವ ತನಕ ಕಾದು, ಬಫರಿನಲ್ಲಿ ತೊಳೆದು, 10 ಮಿಲಿಮೋಲಾರ್ ಇಡಿಟಿಎಯಿಂದ ತಾಮ್ರ ಬಿಡಿಸಿ, ಮತ್ತೆ ಬಫರ್. ಗೆರೆ ನೇರ ಇರುವುದಿಲ್ಲ. ಜಾಗ ತುಂಬಿದಂತೆ ಬಾಗಿ ಚಪ್ಪಟೆಯಾಗುತ್ತದೆ. ಅದನ್ನು ಎಳೆದು ನೇರ ಮಾಡುವುದು ಬೇಡ. 1.5 ಮಿಲಿಗ್ರಾಂಗೆ ಬರುವ ಸರಿತ, ಬರಿ ಬಫರಿನ ಗದ್ದಲದ ಹತ್ತು ಪಟ್ಟಾದರೂ ಇಲ್ಲದಿದ್ದರೆ ಪದರ ಮತ್ತೆ ಹಾಕಬೇಕು. ಪಕ್ಕದಲ್ಲೇ ಕೈಟೋಸಾನ್ ಇಲ್ಲದ ಇನ್ನೊಂದು ಫೈಬರ್ ಇಟ್ಟು ಅದರ ಸರಿತವನ್ನು ಕಳೆಯುವುದು ಕಡ್ಡಾಯ ಎಂದೇ ನನ್ನ ಅಭಿಪ್ರಾಯ. ಸೆಖೆ, ಉಪ್ಪು, ಬಫರಿನ ಹೆಚ್ಚುಕಡಿಮೆ ಎಲ್ಲ ಅದರಲ್ಲಿ ಹೋಗುತ್ತದೆ. ಎರಡರ ಸಂವೇದನೆ ಒಂದೇ ಆಗಿರದ್ದರಿಂದ ಸಕ್ಕರೆ ನೀರಿನಲ್ಲಿ ಬಂದ ಅನುಪಾತದಿಂದ ಗುಣಿಸಿ ಕಳೆಯಬೇಕು.

ಬಾವಿ ನೀರಿನಲ್ಲಿ ಎರಡು ತೊಡಕು. ಒಂದು, ಬೋರ್ಡೋದ ತಾಮ್ರ ನೀರಿನಲ್ಲಿ ಕರಗಿರುವುದಕ್ಕಿಂತ ಸಣ್ಣ ಕಣಗಳಾಗಿ ತೇಲುವುದೇ ಹೆಚ್ಚು. ತಂದ ಕೂಡಲೇ 0.45 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿದರೆ ಆ ಕಣ ಹಾಳೆಯಲ್ಲೇ ಉಳಿದು ನೀರು ಶುದ್ಧ ಎಂಬ ಫಲಿತಾಂಶ ಬರುತ್ತದೆ. ಒಟ್ಟು ತಾಮ್ರ ಬೇಕಾದರೆ ಮೊದಲು ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಿ, ಒಂದು ದಿನ ಇಟ್ಟು, ಆಮೇಲೆ ಸೋಸಿ, ಕಾಸ್ಟಿಕ್ ಸೋಡಾದಿಂದ 5ಕ್ಕೆ ತಂದು ಬಫರ್ ಹಾಕಬೇಕು. ಸುಣ್ಣದ ಕ್ಯಾಲ್ಸಿಯಂಗೆ ಕೈಟೋಸಾನ್ ಸೊಪ್ಪು ಹಾಕುವುದಿಲ್ಲ, ಅದೊಂದು ಸಮಾಧಾನ.

ಇನ್ನೊಂದು, ಮುರಕಲ್ಲಿನ ಕಬ್ಬಿಣ. ಪಿಎಚ್ 5ರಲ್ಲಿ ಅದು ಕಂದು ಕೆಸರಾಗಿ ಫೈಬರಿನ ಮೇಲೆ ಕೂರುತ್ತದೆ. ಕೂತದ್ದರ ಸೂಚ್ಯಂಕ ದೊಡ್ಡದು, ಸರಿತವೂ ದೊಡ್ಡದು, ತಾಮ್ರ ಸಿಕ್ಕಿತೆಂದು ಹಿಗ್ಗಲು ಹೇಳಿ ಮಾಡಿಸಿದ ಹಾಗೆ. ಇಡಿಟಿಎ ಬಿಟ್ಟರೂ ತಗ್ಗು ವಾಪಸ್ ಬರದೇ ಇದ್ದರೆ ಅದು ಕಬ್ಬಿಣದ ಗುರುತು. ಸ್ವಲ್ಪ ಸೋಡಿಯಂ ಫ್ಲೋರೈಡ್ ಸೇರಿಸಿದರೆ ಫೆರಿಕ್ ಕಬ್ಬಿಣ ಅದರೊಡನೆ ಕಟ್ಟಿಕೊಂಡು ಸುಮ್ಮನಿರುತ್ತದೆ. ಪ್ರಮಾಣ ದ್ರಾವಣಗಳಿಗೂ ಅಷ್ಟೇ ಸೇರಿಸಬೇಕು. ಸೀಸ, ಪಾದರಸ, ನಿಕಲ್ ಇದ್ದರೆ ಕೈಟೋಸಾನ್ ಅವನ್ನೂ ಹಿಡಿಯುತ್ತದೆ, ಹೆಸರು ಹೇಳುವುದಿಲ್ಲ. ಹಾಗಾಗಿ ಪ್ರತಿ ಬಾವಿಯ ನೀರಿಗೂ ಗೊತ್ತಿರುವಷ್ಟು ತಾಮ್ರ, ಉದಾಹರಣೆಗೆ 0.5 ಮಿಲಿಗ್ರಾಂ, ಬೇಕೆಂದೇ ಸೇರಿಸಿ ಇನ್ನೊಮ್ಮೆ ಅಳೆಯಬೇಕು. ಸೇರಿಸಿದ್ದು ಸೇರಿಸಿದಷ್ಟೇ ಸಿಗದಿದ್ದರೆ ಮೊದಲಿನ ಅಂಕಿಯನ್ನು ನಂಬುವಂತಿಲ್ಲ. ತೋಟದಿಂದ ದೂರದ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ) ನೀರು ಹೋಲಿಕೆಗೆ ಒಳ್ಳೆಯದು, ಅದರಲ್ಲಿ ಕರಗಿದ ಲವಣ ಕಡಿಮೆ. ಕಡೆಗೊಮ್ಮೆ ಒಂದೆರಡು ಮಾದರಿಯನ್ನಾದರೂ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ ಇರುವಲ್ಲಿಗೆ ಕಳಿಸಿ ತಾಳೆ ನೋಡಬೇಕು.

ಕೆಲಸ ಮುಗಿದ ಫೈಬರನ್ನು ಇಡಿಟಿಎಯಲ್ಲಿ, ನೀರಿನಲ್ಲಿ ತೊಳೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ. ಜಡಿಮಳೆಯ ಆಟಿ ತಿಂಗಳಲ್ಲಿ ತೆರೆದಿಟ್ಟ ಕೈಟೋಸಾನಿಗೆ ಹದಿನೈದೇ ದಿನದಲ್ಲಿ ಬೂಷ್ಟು ಹಿಡಿಯಬಹುದು. ಬೂಷ್ಟಿಗೂ ಒಂದು ವಕ್ರೀಭವನ ಸೂಚ್ಯಂಕ ಇದೆ, ಫೈಬರ್ ಅದನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯುತ್ತದೆ.